ಮುರಕಲ್ಲಿನ ನೆಲ, 15 ಮೈಕ್ರೋಸೆಕೆಂಡಿನ ಕಿವುಡು

ನಮ್ಮ ಕಡೆ ನಿಧಿಯ ಕಥೆ ಇಲ್ಲದ ಊರಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾವ ಹಾಡಿಯ ಹತ್ತಿರ ನಿಂತು ಕೇಳಿದರೂ, ಇಲ್ಲೊಂದು ಕೊಪ್ಪರಿಗೆ ಇದೆ, ಅದನ್ನ ಸರ್ಪ ಕಾಯ್ತಾ ಇದೆ ಅಂತ ಹೇಳೋರು ಒಬ್ಬರಾದರೂ ಸಿಗ್ತಾರೆ. ಈ ಕಥೆಗಳು ಸುಮ್ಮನೆ ಹುಟ್ಟಿದ್ದಲ್ಲ. ಬ್ರಹ್ಮಾವರದ ಪಕ್ಕದ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯ ಅಂತಲೇ ಒಂದು ಪ್ರಾಂತ್ಯ ಇತ್ತು. ಆಳುಪರ ಚಿನ್ನದ ನಾಣ್ಯಗಳ ಮೇಲೆ ಜೋಡಿ ಮೀನಿನ ಲಾಂಛನ, 'ಶ್ರೀ ಪಾಂಡ್ಯ ಧನಂಜಯ' ಅನ್ನೋ ಬರಹ. ಶಾಸನಗಳಲ್ಲಿ 'ಬಾರಕೂರ ಗದ್ಯಾಣ' ಅನ್ನುವ ಮಾತೇ ಬರುತ್ತೆ, ಅಂದರೆ ನಾಣ್ಯಕ್ಕೆ ಊರಿನ ಹೆಸರು ಅಂಟಿಕೊಳ್ಳುವಷ್ಟು ಆ ಊರು ದೊಡ್ಡದಿತ್ತು. ಇತ್ತ ಕುಂದಾಪುರದ ಬಸರೂರು ಅಕ್ಕಿ ಸಾಗಿಸುತ್ತಿದ್ದ ಬಂದರು. ಪೋರ್ಚುಗೀಸರ ಬಾಯಲ್ಲಿ ಅದು ಬಾರ್ಸೆಲೋರ್. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗು ಕಟ್ಟಿಕೊಂಡು ಬಂದು ದಾಳಿ ಮಾಡಿದ್ದು ಇದೇ ಬಸರೂರಿನ ಮೇಲೆ. ದಾಳಿ ಮಾಡೋಕೆ ಅಲ್ಲಿ ಏನೋ ಇತ್ತು ತಾನೇ?

ಹಿಂದೆ ನಿಧಿ ಹುಡುಕೋರು ಅಂಜನ ಹಾಕಿಸ್ತಿದ್ದರು. ಈಗ ಅಂಜನದ ಜಾಗಕ್ಕೆ ಮೆಟಲ್ ಡಿಟೆಕ್ಟರ್ ಬಂದಿದೆ. ಪಾಳುಬಿದ್ದ ಗುಡಿಯ ಹಿಂದೆ, ವೀರಗಲ್ಲಿನ ಬುಡದಲ್ಲಿ ರಾತ್ರೋರಾತ್ರಿ ಗುಂಡಿ ಏಳುತ್ತೆ. ನಮ್ಮ ಮನೆ ಹತ್ತಿರದ ಹಾಡಿಯಲ್ಲೂ ಅಂಥದ್ದೊಂದನ್ನ ನಾನೇ ನೋಡಿದ್ದೀನಿ. ಕಲ್ಲು ಎರಡು ತುಂಡು, ಗುಂಡಿ ಖಾಲಿ.

ಆ ಯಂತ್ರದ ಚರಿತ್ರೆ ಬರೆಯೋಣ ಅಂತ ಕೂತೆ. ಅದರಲ್ಲೂ ಪಲ್ಸ್ ಇಂಡಕ್ಷನ್ ಅನ್ನೋ ಜಾತಿಯ ಡಿಟೆಕ್ಟರ್, ಅದರಲ್ಲೂ ಅದರ ರಿಸೀವರಿನ ಹೊಸ್ತಿಲು, ಅಂದರೆ ಸಿಗ್ನಲ್ ಮೊದಲು ಕಾಲಿಡುವ ಇನ್‌ಪುಟ್ ಸರ್ಕ್ಯೂಟ್. ಅಷ್ಟು ಚಿಕ್ಕ ಮೂಲೆ ಯಾಕೆ ಅಂದ್ರೆ, ಆ ಮೂಲೆಯಲ್ಲೇ ಈ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನೋದೆಲ್ಲ ನಿರ್ಧಾರ ಆಗುತ್ತೆ.

ಶುರುವಿನಲ್ಲಿ ಇದು ಚಿನ್ನ ಹುಡುಕುವ ಯಂತ್ರ ಆಗಿರಲಿಲ್ಲ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಗುಂಡು ಮೈಯೊಳಗೆ ಎಲ್ಲಿದೆ ಅಂತ ಡಾಕ್ಟರುಗಳಿಗೆ ಗೊತ್ತಾಗಲಿಲ್ಲ. ಎಕ್ಸ್-ರೇ ಇನ್ನೂ ಬಂದಿರಲಿಲ್ಲ. ಆಗ ಟೆಲಿಫೋನಿನ ಗ್ರಹಾಂ ಬೆಲ್ ಒಂದು ಉಪಕರಣ ತಂದ. ಒಂದು ಕಾಯಿಲಿನಲ್ಲಿ ಕರೆಂಟು, ಇನ್ನೊಂದು ಕಾಯಿಲಿಗೆ ಟೆಲಿಫೋನ್ ರಿಸೀವರ್. ಎರಡನ್ನೂ ಸರಿಯಾಗಿ ತೂಗಿಸಿಟ್ಟರೆ ಮೌನ, ಹತ್ತಿರ ಲೋಹ ಬಂದರೆ ತೂಕ ತಪ್ಪಿ ಸದ್ದು. ಎರಡು ಸಲ ಪ್ರಯತ್ನಪಟ್ಟರೂ ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಅಡ್ಡಿಯಾದವು, ಮುಖ್ಯ ವೈದ್ಯ ಬಲಭಾಗದಲ್ಲಿ ಮಾತ್ರ ಹುಡುಕೋಕೆ ಬಿಟ್ಟ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡ. ಆಮೇಲೆ ನೋಡಿದರೆ ಗುಂಡು ಎಡಗಡೆ ಇತ್ತು.

ಅಲ್ಲಿಂದ ಮುಂದೆ ಯುದ್ಧ ಈ ಯಂತ್ರವನ್ನ ಬೆಳೆಸಿತು. ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿದ್ದುಕೊಂಡು ಕೈಯಲ್ಲಿ ಹಿಡಿಯುವ ಮೈನ್ ಡಿಟೆಕ್ಟರ್ ಮಾಡಿದ. ಪೇಟೆಂಟ್ ಮಾಡಿಸದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟುಬಿಟ್ಟ. 1942ರಲ್ಲಿ ಎಲ್ ಅಲಮೇನ್ ಯುದ್ಧದಲ್ಲಿ ಅಂಥ 500 ಯಂತ್ರಗಳು ಮರಳಿನಲ್ಲಿ ನೆಲಬಾಂಬು ಹುಡುಕಿದವು.

ಬೆಲ್‌ನ ಯಂತ್ರ, ಕೊಸಾಟ್ಸ್ಕಿಯ ಯಂತ್ರ ಎರಡರದ್ದೂ ಒಂದೇ ಕಷ್ಟ. ಕೂಗುವುದು, ಕೇಳುವುದು ಎರಡೂ ಒಟ್ಟಿಗೇ ನಡೆಯುತ್ತೆ. ತನ್ನ ಕೂಗಿನ ಮಧ್ಯೆಯೇ ಲೋಹದ ಪಿಸುಮಾತು ಕೇಳಿಸಿಕೊಳ್ಳಬೇಕು. ಹಾಗಾಗಿ ಎರಡು ಕಾಯಿಲುಗಳ ತೂಕ ಕೂದಲೆಳೆ ತಪ್ಪಿದರೂ ಕಷ್ಟ.

1960ರ ದಶಕದಲ್ಲಿ ಬೇರೆ ದಾರಿ ಸಿಕ್ಕಿತು, ಮೊದಲು ಕೂಗು, ನಿಲ್ಲಿಸು, ಆಮೇಲೆ ಕೇಳು ಅಂತ. ನಮ್ಮಲ್ಲಿ ಬೈಲಿನ ಈಚೆ ದಂಡೆಯಿಂದ 'ಕೂ' ಹಾಕಿ ಆಚೆ ಮನೆಯವರ ಮಾರುತ್ತರಕ್ಕೆ ಕಾಯ್ತೀವಲ್ಲ, ಹಾಗೆ. ಇದನ್ನ ಬೆಳೆಸಿದ ಜಾಗಗಳಲ್ಲಿ ಮುಖ್ಯವಾದದ್ದು ಆಕ್ಸ್‌ಫರ್ಡಿನ ಪುರಾತತ್ವ ಸಂಶೋಧನಾ ಪ್ರಯೋಗಾಲಯ. ಕೊಲಾನಿ, ಮಾರ್ಟಿನ್ ಐಟ್ಕನ್, ಎರಿಕ್ ಫಾಸ್ಟರ್ ಇವರೆಲ್ಲ ಅಲ್ಲಿ ಕೆಲಸ ಮಾಡಿದವರು. ಈ ಯಂತ್ರ ಎಳೆಗೂಸಾಗಿದ್ದಾಗ ಅದನ್ನ ಎತ್ತಿ ಆಡಿಸಿದ್ದು ಚರಿತ್ರೆ ಓದುವ ಜನ. ಇದನ್ನ ನೆನಪಿಟ್ಟುಕೊಳ್ಳಿ.

ಕೆಲಸ ಹೀಗೆ. ಕಾಯಿಲಿಗೆ ನೂರಿನ್ನೂರು ಮೈಕ್ರೋಸೆಕೆಂಡ್ ಕಾಲ ಒಂದೆರಡು ಆಂಪಿಯರ್ ಕರೆಂಟು ಕೊಡ್ತಾರೆ, ಆಮೇಲೆ ತಟ್ಟನೆ ಕಡಿದುಬಿಡ್ತಾರೆ. ಕಾಂತಕ್ಷೇತ್ರ ಕುಸಿಯುವಾಗ ಹತ್ತಿರದ ಲೋಹದೊಳಗೆ ಸುಳಿ ಕರೆಂಟು ಏಳುತ್ತೆ. ಆ ಸುಳಿ ನಿಧಾನಕ್ಕೆ ಸಾಯುತ್ತೆ. ಸಾಯುವಾಗ ಅದರ ಕಾಂತಕ್ಷೇತ್ರವೂ ಇಳಿಯುತ್ತಾ, ನಮ್ಮ ಕಾಯಿಲಿನಲ್ಲಿ ಕೆಲವೇ ಮೈಕ್ರೋವೋಲ್ಟಿನ ಬಾಲವೊಂದನ್ನ ಬಿಡುತ್ತೆ. ಆ ಬಾಲ ಹಿಡಿಯಬೇಕು, ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ, ಕರೆಂಟು ಕಡಿದ ಕ್ಷಣ ಅದೇ ಕಾಯಿಲಿನಲ್ಲಿ ನಾನೂರು ವೋಲ್ಟಿನಂಥ ಒದೆತ ಬರುತ್ತೆ. ಹಳೇ ಸ್ಕೂಟರಿನ ಇಗ್ನಿಷನ್ ಕಾಯಿಲ್ ಮುಟ್ಟಿ ಶಾಕ್ ಹೊಡೆಸಿಕೊಂಡವರಿಗೆ ಇದು ಗೊತ್ತು. ನಾನೂರು ವೋಲ್ಟಿನ ಬೆನ್ನಲ್ಲೇ ಮೈಕ್ರೋವೋಲ್ಟು ಕೇಳಬೇಕು. ಕಿವಿಯ ಪಕ್ಕದಲ್ಲೇ ಗರ್ನಾಲು ಹೊಡೆದು, ಮರುಕ್ಷಣವೇ ಇರುವೆ ಹರಿದ ಸದ್ದು ಕೇಳಿಸಿಕೋ ಅಂದ ಹಾಗೆ.

ಇದಕ್ಕೆ ದಶಕಗಳಿಂದ ಇರುವ ಪರಿಹಾರ ಬಹಳ ಸರಳ. ಒಂದು 1000 ಓಮ್ ರೆಸಿಸ್ಟರ್, ಅದರ ಮುಂದೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಡಯೋಡ್. ಎಷ್ಟೇ ವೋಲ್ಟೇಜು ಬಂದರೂ ಡಯೋಡುಗಳು ಅದನ್ನ 0.7 ವೋಲ್ಟಿನ ಆಸುಪಾಸಿಗೆ ಕತ್ತರಿಸಿಬಿಡುತ್ತವೆ, ಆಂಪ್ಲಿಫಯರ್ ಸುಟ್ಟುಹೋಗೋದಿಲ್ಲ. ಆದರೆ ಆಂಪ್ಲಿಫಯರ್ ಸಿಗ್ನಲ್ಲನ್ನ ಸಾವಿರ ಪಟ್ಟು ಹಿಗ್ಗಿಸುವಂಥದ್ದು. 0.7 ವೋಲ್ಟು ಬಂದರೆ ಅದಕ್ಕೆ ದಿಕ್ಕೇ ತಪ್ಪುತ್ತೆ. ಸುಧಾರಿಸಿಕೊಳ್ಳೋಕೆ ಸಮಯ ಬೇಕು. ಕಾಯಿಲಿನ, ಕೇಬಲಿನ ಕೆಪಾಸಿಟೆನ್ಸ್ ಸೇರಿ ಹುಟ್ಟುವ ಕಂಪನ ಅಡಗೋಕೂ ಸಮಯ ಬೇಕು. ಎಲ್ಲ ಸೇರಿ ಸಾಮಾನ್ಯ ಯಂತ್ರದಲ್ಲಿ 15 ಮೈಕ್ರೋಸೆಕೆಂಡಿನಷ್ಟು ಕಿವುಡು. ಅಷ್ಟು ಕಾದ ಮೇಲೆಯೇ ಅದು ಕೇಳಿಸಿಕೊಳ್ಳಲು ಶುರು ಮಾಡೋದು.

ಆ ಕಿವುಡಿನ ಹೊತ್ತಲ್ಲಿ ಏನು ಕಳೆದುಹೋಗುತ್ತೆ? ಚಿಕ್ಕದು. ಮೂಗುತಿ, ತೆಳು ಸರದ ಕೊಂಡಿ, ಬೆರಕೆ ಚಿನ್ನದ ಚೂರು, ಇವುಗಳ ಸುಳಿ ನಾಲ್ಕೈದು ಮೈಕ್ರೋಸೆಕೆಂಡಿನಲ್ಲಿ ಕರಗಿಹೋಗುತ್ತೆ. ತಾಮ್ರದ ಹಂಡೆಯಂಥ ದಪ್ಪ ವಸ್ತುವಿನದ್ದು ನೂರಾರು ಮೈಕ್ರೋಸೆಕೆಂಡ್ ಉಳಿಯುತ್ತೆ. ಹಂಡೆಗೆ ತಡವಾಗಿ ಕಿವಿ ಕೊಟ್ಟರೂ ನಡೆಯುತ್ತೆ. ಮೂಗುತಿಗೆ ಬೇಗ ಕೊಡಬೇಕು.

ಹಾಗಾಗಿ ಇನ್‌ಪುಟ್ ಸರ್ಕ್ಯೂಟ್ ಸುಧಾರಿಸೋದು ಅಂದರೆ ಈ ಕಿವುಡನ್ನ ಕಡಿಮೆ ಮಾಡೋದು, ಜೊತೆಗೆ ಗದ್ದಲ ಕಡಿಮೆ ಮಾಡೋದು. ಆ 1000 ಓಮ್ ರೆಸಿಸ್ಟರಿಗೇ ತನ್ನದೊಂದು ಗದ್ದಲ ಇದೆ. ಕೋಣೆಯ ಉಷ್ಣತೆಯಲ್ಲಿ, ಒಂದು ಹರ್ಟ್ಸ್ ಬ್ಯಾಂಡ್‌ವಿಡ್ತಿಗೆ ಸುಮಾರು 4 ನ್ಯಾನೋವೋಲ್ಟು. ಒಳ್ಳೆಯ ಆಂಪ್ಲಿಫಯರಿನ ಸ್ವಂತ ಗದ್ದಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ರಕ್ಷಣೆಗೆ ಇಟ್ಟ ಕಾವಲುಗಾರನೇ ಯಜಮಾನನಷ್ಟು ಗೊಣಗ್ತಾ ಇದ್ದಾನೆ. ರೆಸಿಸ್ಟರನ್ನ 250 ಓಮಿಗೆ ಇಳಿಸಿದರೆ ಅದರ ಗದ್ದಲ ಅರ್ಧ. ಆದರೆ ನಾನೂರು ವೋಲ್ಟಿನ ಒದೆತದಲ್ಲಿ ಡಯೋಡಿನ ಮೂಲಕ ಹರಿಯೋ ಕರೆಂಟು ನಾಲ್ಕು ಪಟ್ಟು. ಜೊತೆಗೆ ಕಾಯಿಲಿನ ಕಂಪನ ಅಡಗಿಸುವ ಲೆಕ್ಕವೂ ಬದಲಾಗುತ್ತೆ, ಯಾಕಂದ್ರೆ ಡಯೋಡು ತೆರೆದಿರುವಷ್ಟು ಹೊತ್ತು ಈ ರೆಸಿಸ್ಟರೂ ಕಾಯಿಲಿಗೆ ಸಮಾನಾಂತರವಾಗಿ ಕೂತಿರುತ್ತೆ.

ಇದರಿಂದ ಪಾರಾಗೋಕೆ ಮೂರು ದಾರಿ ಇದೆ. ಒಂದು, ರೆಸಿಸ್ಟರಿನ ಜಾಗದಲ್ಲಿ ಮಾಸ್‌ಫೆಟ್ ಸ್ವಿಚ್ ಇಟ್ಟು, ಗರ್ನಾಲು ಸಿಡಿಯುವಾಗ ಬಾಗಿಲು ಹಾಕಿ, ಸದ್ದಡಗಿದ ಮೇಲೆ ತೆಗೆಯೋದು. ಬಾಗಿಲು ತೆಗೆದ ಸದ್ದೂ ಒಳಗೆ ಬರುತ್ತೆ ಅನ್ನೋದು ಅದರ ತಲೆನೋವು. ಎರಡು, ಸಾವಿರ ಪಟ್ಟು ಹಿಗ್ಗಿಸೋದನ್ನ ಒಂದೇ ಆಂಪ್ಲಿಫಯರಿಗೆ ಹೊರಿಸದೆ ಎರಡಕ್ಕೆ ಹಂಚೋದು. ಮೂರು, ಕಾಯಿಲನ್ನೇ ಕಡಿಮೆ ಕೆಪಾಸಿಟೆನ್ಸ್ ಇರೋ ಹಾಗೆ ಸುತ್ತೋದು. ಮೂರನ್ನೂ ತಾಳ್ಮೆಯಿಂದ ಮಾಡಿದರೆ 15 ಇದ್ದದ್ದನ್ನ 8 ಮೈಕ್ರೋಸೆಕೆಂಡಿಗೆ ತರಬಹುದು.

ಇಷ್ಟೆಲ್ಲ ನಾನು ತಲೆಗೆ ಹಚ್ಚಿಕೊಂಡಿದ್ದು ದೊಡ್ಡಪ್ಪನ ಮಗನ ದೆಸೆಯಿಂದ. ಪರ ಊರಲ್ಲಿ ಅಣ್ಣನದ್ದೊಂದು ಚಿಕ್ಕ ಹೋಟೆಲ್ ಇತ್ತು. ಕೊರೊನಾ ಟೈಮಲ್ಲಿ ಮುಚ್ಚಿ ಊರಿಗೆ ಬಂದ. ಉಳಿದ ದುಡ್ಡಲ್ಲಿ ಯಾರದೋ ಮಾತು ಕೇಳಿ ಒಂದು ಪಲ್ಸ್ ಇಂಡಕ್ಷನ್ ಮಿಷನ್ ತಗೊಂಡಿದ್ದ. ಹತ್ತು ಅಡಿ ಆಳದವರೆಗೂ ಹೇಳುತ್ತೆ ಅಂದಿದ್ದರಂತೆ. ನಾನು ಊರಿಗೆ ಹೋದಾಗ ಅದನ್ನ ಎತ್ತಿಕೊಂಡು ಬಂದ.

"ಹ್ವಾಯ್ ತಮ್ಮ, ನೀ ಇಂಜಿನಿಯರ್ ಅಲ್ದಾ? ಇದ್ನೊಂದ್ ಕಾಣ್. ಇಡೀ ಅಂಗ್ಳದಂಗೆ ಎಲ್ ಹಿಡ್ದ್ರೂ ಕೂಗತ್ತ್."

ನಿಜವೇ. ನೆಲದ ಹತ್ತಿರ ತಂದರೆ ಕೂಗು, ಎತ್ತಿದರೆ ಮೌನ. ಅಂಗಳ ಪೂರ್ತಿ ಬಂಗಾರ ಇದ್ದ ಹಾಗೆ. ಮಿಷನ್ ಕೆಟ್ಟಿರಲಿಲ್ಲ. ಅದು ಕೇಳಿಸಿಕೊಳ್ತಾ ಇದ್ದದ್ದು ನಮ್ಮ ಮುರಕಲ್ಲನ್ನ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಕರಾವಳಿಯಲ್ಲಿ ಹಾದುಹೋದ. ಆ ಪ್ರವಾಸದ ಪುಸ್ತಕ 1807ರಲ್ಲಿ ಬಂತು. ಮಲಬಾರಿನ ಅಂಗಾಡಿಪುರಂನಲ್ಲಿ ನೋಡಿದ ಈ ಕೆಂಪುಕಲ್ಲಿಗೆ ಅವನು ಅದರಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಾವು ಮನೆ ಕಟ್ಟುವ ಕಲ್ಲಿಗೆ ಹೆಸರು ಸಿಕ್ಕಿದ್ದು ಹಾಗೆ. ಅದರ ಕೆಂಪು ಕಬ್ಬಿಣದ ಆಕ್ಸೈಡಿನದ್ದು. ಇಂಥ ಮಣ್ಣಿನಲ್ಲಿ ಹಲವು ಕಡೆ ಅತಿ ಸಣ್ಣ ಕಾಂತೀಯ ಕಣಗಳಿರುತ್ತವೆ. ಕಾಂತಕ್ಷೇತ್ರ ಹೋದ ಮೇಲೆ ಅವು ಒಂದೊಂದೂ ಒಂದೊಂದು ವೇಗದಲ್ಲಿ ತಣ್ಣಗಾಗುತ್ತವೆ. ಎಲ್ಲ ಸೇರಿದ ಬಾಲ ಲೋಹದ ಬಾಲದ ಹಾಗೇ ಕಾಣುತ್ತೆ. 1966ರಲ್ಲಿ ಕೊಲಾನಿ ಮತ್ತು ಐಟ್ಕನ್ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಲೋಹವೇ ಇಲ್ಲದ ಮಣ್ಣೂ ಈ ಯಂತ್ರಕ್ಕೆ ಉತ್ತರ ಕೊಡುತ್ತೆ. ಬೇರೆಯವರಾಗಿದ್ದರೆ ಇದನ್ನ ತೊಂದರೆ ಅಂತಿದ್ದರು. ಅವರು ಪುರಾತತ್ವದವರು. ಹಿಂದೆ ಯಾರೋ ತೋಡಿ ಮುಚ್ಚಿದ ಗುಂಡಿಯನ್ನ ಮಣ್ಣಿನ ಉತ್ತರದಿಂದಲೇ ಪತ್ತೆ ಹಚ್ಚಬಹುದು ಅಂದರು.

ಬೇರೆ ಕಡೆ ಇದೇ ಮಣ್ಣು ಜೀವದ ಪ್ರಶ್ನೆ. ಕಾಂಬೋಡಿಯಾ, ಮೊಜಾಂಬಿಕ್‌ಗಳಲ್ಲಿ ನೆಲಬಾಂಬು ತೆಗೆಯೋರಿಗೆ ಲ್ಯಾಟರೈಟ್ ದೊಡ್ಡ ಶತ್ರು. ಬಾಂಬಿನಲ್ಲಿ ಇರೋದು ಚಿಟಿಕೆ ಲೋಹ, ಮಣ್ಣು ಅದಕ್ಕಿಂತ ಜೋರಾಗಿ ಕೂಗುತ್ತೆ.

ಅಣ್ಣನಿಗೆ ಬೇಕಾಗಿದ್ದದ್ದು ಒಂದೇ. "ಎಂತಾರೂ ಮಾಡಿ ಇದ್ರ್ ಪವರ್ ಜಾಸ್ತಿ ಮಾಡ್." ಮಾಡಿದರೆ ಎಲ್ಲಿಗೆ ಹೋಗ್ತಾನೆ ಅಂತಲೂ ಹೇಳಿದ, ಹಾಡಿಯೊಳಗಿನ ಒಂದು ಹಳೇ ಗುಡಿಯ ಜಾಗಕ್ಕೆ. ನಾನು ಬೇಡ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

"ನಿಂಗೆ ತಿಂಗ್ಳಿಗೆ ಸಂಬ್ಳ ಬತ್ತ್. ನಂಗೆ ಎಂತ ಇತ್ತ್ ಹೇಳ್?"

ಅದಕ್ಕೆ ಕಾನೂನಿನ ಪುಸ್ತಕ ತೆಗೆದು ಉತ್ತರ ಕೊಡೋಕಾಗಲ್ಲ. ಹಾಗಾಗಿ ಜಗಲಿಯಲ್ಲಿ ಕೂತು, ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ನಿಮಗೂ ತೋರಿಸ್ತೀನಿ.

ಕಿವುಡನ್ನ 15ರಿಂದ 8 ಮೈಕ್ರೋಸೆಕೆಂಡಿಗೆ ಇಳಿಸಿದೆವು ಅಂತ ಇಟ್ಟುಕೊಳ್ಳಿ. 5 ಮೈಕ್ರೋಸೆಕೆಂಡ್ ಕಾಲಾಂಕದ ಮೂಗುತಿಯ ಸಿಗ್ನಲ್ ನಾಲ್ಕು ಪಟ್ಟು ಹೆಚ್ಚುತ್ತೆ. 15ರ ಹೊತ್ತಿಗೆ ನೂರರಲ್ಲಿ 5 ಉಳಿದಿತ್ತು, 8ಕ್ಕೆ 20 ಇರುತ್ತೆ. ಇದು ದೊಡ್ಡ ಲಾಭ. ಆದರೆ 50 ಮೈಕ್ರೋಸೆಕೆಂಡಿನ ನಾಣ್ಯಕ್ಕೆ? 74 ಇದ್ದದ್ದು 85 ಆಗುತ್ತೆ, ಅಷ್ಟೇ. ಮುರಕಲ್ಲಿನ ಬಾಲ ಸಮಯಕ್ಕೆ ವಿಲೋಮವಾಗಿ ಇಳಿಯುವಂಥದ್ದು, ಹಾಗಾಗಿ ಅದರ ಕೂಗು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ನಾಣ್ಯಕ್ಕೆ 15 ಶೇಕಡಾ ಲಾಭ, ನೆಲಕ್ಕೆ ದುಪ್ಪಟ್ಟು. ಮಿಷನ್ ಸುಧಾರಿಸಿತು, ನಮ್ಮ ನೆಲದಲ್ಲಿ ನಾಣ್ಯ ಹುಡುಕೋದು ಇನ್ನೂ ಕಷ್ಟವಾಯ್ತು. ಮರವಂತೆಯ ಒದ್ದೆ ಮರಳಿಗೆ ಹೋದರೆ ಮೊದಲ ಕೆಲವು ಮೈಕ್ರೋಸೆಕೆಂಡಿನಲ್ಲಿ ಉಪ್ಪುನೀರೂ ಉತ್ತರ ಕೊಡೋಕೆ ಶುರು ಮಾಡುತ್ತೆ.

ನೆಲದ ಕೂಗು ಕಳೆಯೋಕೆ ದಾರಿ ಇಲ್ಲದೇ ಇಲ್ಲ. ಸ್ವಲ್ಪ ತಡವಾಗಿ ಇನ್ನೊಂದು ಸಲ ಕೇಳಿಸಿಕೊಂಡು, ಸರಿಯಾದ ಪ್ರಮಾಣದಲ್ಲಿ ಮೊದಲಿನದರಿಂದ ಕಳೆದರೆ ಮುರಕಲ್ಲು ಬಹುಪಾಲು ಸುಮ್ಮನಾಗುತ್ತೆ. ಆದರೆ ಅದರ ಜೊತೆ ಕೆಲವು ಲೋಹಗಳ ಸಿಗ್ನಲ್ಲೂ ಕಳೆದುಹೋಗುತ್ತೆ.

ಇನ್ನು ಆಳದ ಮಾತು. ಕಾಯಿಲಿನ ಕ್ಷೇತ್ರ ದೂರದಲ್ಲಿ ಅಂತರದ ಘನಕ್ಕೆ ತಕ್ಕ ಹಾಗೆ ಕುಸಿಯುತ್ತೆ. ವಾಪಸ್ ಬರುವ ಸಿಗ್ನಲ್ಲೂ ಹಾಗೇ. ಎರಡೂ ಸೇರಿ ಆರನೇ ಘಾತ. ಅಂದರೆ ಆಳ ದುಪ್ಪಟ್ಟಾಗಬೇಕಾದರೆ ಸಿಗ್ನಲ್ 64 ಪಟ್ಟು ಬೇಕು. ಒಂದು ಅಡಿಯಲ್ಲಿ ಕಾಣುವ ನಾಣ್ಯ ಹತ್ತು ಅಡಿಯಲ್ಲಿ ಕಾಣಬೇಕಾದರೆ ಹತ್ತು ಲಕ್ಷ ಪಟ್ಟು. ದೊಡ್ಡ ವಸ್ತು, ದೊಡ್ಡ ಕಾಯಿಲ್ ಆದರೆ ಲೆಕ್ಕ ಸ್ವಲ್ಪ ಸಡಿಲ ಆಗುತ್ತೆ. ಇನ್‌ಪುಟ್ ಸರ್ಕ್ಯೂಟಿನಲ್ಲಿ ನಾವು ಬೆವರು ಸುರಿಸಿ ಗಳಿಸೋ 15 ಶೇಕಡಾದಲ್ಲಿ ಆಳ ಒಂದು ಸೆಂಟಿಮೀಟರೂ ಹೆಚ್ಚೋದಿಲ್ಲ.

ಅಣ್ಣ ಹತ್ತು ಲಕ್ಷದ ಸೊನ್ನೆಗಳನ್ನ ಒಂದೊಂದೇ ಎಣಿಸಿದ. ಆಮೇಲೆ ಹೇಳಿದ್ದು ಇಷ್ಟೇ: "ಹಂಗಾರೆ ನಂಗ್ ಟೊಪ್ಪಿ ಹಾಕ್ದ."

ಆ ದುಡ್ಡು ಬರಲಿಲ್ಲ. ಆದರೆ ಮಿಷನ್ನಿನ ಕಿವುಡನ್ನ ಕಡಿಮೆ ಮಾಡಿಕೊಟ್ಟೆ, ಬೇರೆ ಕೆಲಸಕ್ಕೆ. ಮರದ ಮಿಲ್ಲಿಗೆ ಬರುವ ಹಳೇ ಹಲಸು, ಮಾವಿನ ದಿಮ್ಮಿಗಳೊಳಗೆ ಯಾವತ್ತೋ ಹೊಡೆದ ಮೊಳೆ, ಬೇಲಿ ತಂತಿಯ ತುಂಡು ಹುದುಗಿರುತ್ತೆ. ಗರಗಸಕ್ಕೆ ಸಿಕ್ಕಿದರೆ ಬ್ಲೇಡು ಹೋಯ್ತು. ಮರ ಮುರಕಲ್ಲಿನ ಹಾಗೆ ಕೂಗೋದಿಲ್ಲ, ಮೊಳೆ ಇರೋದು ಒಂದು ಗೇಣಿನ ಒಳಗೇ. ಬೇಗ ಕಿವಿಗೊಡುವ ರಿಸೀವರಿಗೆ ಹೇಳಿ ಮಾಡಿಸಿದ ಕೆಲಸ. ದಿಮ್ಮಿಗೆ ಇಂತಿಷ್ಟು ಅಂತ ಅವನಿಗೆ ಸಿಗುತ್ತೆ. ಹೋಟೆಲಿನಷ್ಟು ದುಡಿಮೆ ಅಲ್ಲ, ಆದರೆ ಹಗಲು ಹೊತ್ತಲ್ಲಿ ಮಾಡುವ ಕೆಲಸ.

ಕೊಪ್ಪರಿಗೆ ನಿಜವಾಗಿಯೂ ಸಿಕ್ಕಿದ್ದರೆ? ಕಾನೂನು ಈ ವಿಷಯದಲ್ಲಿ ಹಳೇದು. 1878ರಲ್ಲೇ ಬ್ರಿಟಿಷರು ನಿಧಿ ಕಾಯ್ದೆ ತಂದರು. ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದಾದರೆ ಕಲೆಕ್ಟರಿಗೆ ತಿಳಿಸಬೇಕಿತ್ತು. 1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. 1972ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯಗಳು ಪ್ರಾಚ್ಯವಸ್ತು, ಅವನ್ನ ದೇಶದಿಂದ ಹೊರಗೆ ಮಾರೋ ಹಾಗಿಲ್ಲ. ಆದರೆ ಕಾನೂನಿಗಿಂತ ದೊಡ್ಡ ಕಾರಣ ಒಂದಿದೆ.

ಜೋಡಿ ಮೀನಿನ ಆಳುಪ ನಾಣ್ಯವೊಂದು ಬಾರಕೂರಿನ ಯಾವುದೋ ಮನೆಯ ಅಡಿಪಾಯದ ಕೆಳಗೆ, ಒಡೆದ ಮಡಕೆಯ ಪಕ್ಕ, ಸುಟ್ಟ ಇದ್ದಿಲಿನ ಪದರದ ಮೇಲೆ ಸಿಕ್ಕಿತು ಅಂದುಕೊಳ್ಳಿ. ಅಲ್ಲಿ ಯಾವ ಕಾಲದಲ್ಲಿ ಮನೆ ಇತ್ತು, ಬೆಂಕಿ ಬಿದ್ದದ್ದು ಯಾವಾಗ, ಆಮೇಲೆ ಜನ ವಾಪಸ್ ಬಂದರೇ ಅಂತ ಅದು ಹೇಳಬಲ್ಲದು. ಅದೇ ನಾಣ್ಯ ಯಾರದೋ ಜೇಬಿನಿಂದ ಹೊರಬಂದರೆ ಅದರ ಬೆಲೆ ಅದರ ತೂಕದ ಚಿನ್ನ, ಅಷ್ಟೇ. ಗುಂಡಿ ತೋಡಿದವನು ಒಯ್ದದ್ದು ಕೆಲವು ಗ್ರಾಂ. ಉಳಿದದ್ದನ್ನ ಅವನು ಸಲಿಕೆಯಿಂದ ಕಲಸಿಹಾಕಿ ಹೋದ. ಅದನ್ನ ಮತ್ತೆ ಜೋಡಿಸುವ ಯಂತ್ರ ಇನ್ನೂ ಬಂದಿಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯನ್ನ ಹುಡುಕಿಕೊಟ್ಟವರು ಡಿಟೆಕ್ಟರ್ ಹಿಡಿದವರಲ್ಲ. ಪಾದೂರು ಗುರುರಾಜ ಭಟ್ಟರು ಊರೂರು ನಡೆದು, ಗುಡಿ ಗುಡಿ ಹೊಕ್ಕು, ಶಾಸನ ಓದಿ, ಮೂರ್ತಿಗಳನ್ನ ನೋಡಿ 1975ರಲ್ಲಿ 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಆಂಡ್ ಕಲ್ಚರ್' ಅನ್ನೋ ದೊಡ್ಡ ಪುಸ್ತಕ ಕೊಟ್ಟರು. ಅವರು ಓದಿದ್ದು ಕಲ್ಲುಗಳು ಇದ್ದ ಜಾಗದಲ್ಲೇ ಇದ್ದದ್ದರಿಂದ. ಹಾಡಿಯ ಆ ವೀರಗಲ್ಲನ್ನ ಇನ್ನು ಹಾಗೆ ಓದೋಕಾಗಲ್ಲ.

ಬೆಂಗಳೂರಿನಲ್ಲಿ ಕೂತು ಇದನ್ನ ಓದ್ತಾ ಇರುವ ಎಷ್ಟೋ ಜನರ ಊರಮನೆ ಈ ಒಂದೆರಡು ವರ್ಷದಲ್ಲಿ ಕೆಡವಿ ಕಟ್ಟಿಸೋದಿದೆ ಅಂತ ನನಗೆ ಗೊತ್ತು. ಜೆಸಿಬಿ ಬರುವ ದಿನ ಒಬ್ಬರಾದರೂ ಅಲ್ಲಿ ನಿಂತಿರಿ. ಮಣ್ಣಿನಿಂದ ಹಳೇ ನಾಣ್ಯವೋ, ಮಡಕೆಯೋ, ಬರಹದ ಕಲ್ಲೋ ಎದ್ದರೆ ಕೆಲಸ ನಿಲ್ಲಿಸಿ. ತೊಳೀಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಲೇಬೇಡಿ. ಇದ್ದ ಜಾಗದಲ್ಲೇ ಒಂದು ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತೆಗೀರಿ, ಎಷ್ಟು ಆಳ, ಸುತ್ತ ಏನಿತ್ತು ಅಂತ ಬರೆದಿಡಿ, ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಆಮೇಲೆ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಅರ್ಧ ದಿನದ ಜೆಸಿಬಿ ಬಾಡಿಗೆ ಹೋಗಬಹುದು. ಬಾರಕೂರಿನ ಬಗ್ಗೆ ಮುಂದೆ ಯಾರಾದರೂ ಬರೆಯೋ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾದರೂ ಆಗಬಹುದು.